ಕಿವಿ ಮುಚ್ಚಿಕೊಳ್ಳುವ ಮೊದಲು ಏನಾಗಿತ್ತು? ಆಟಿಸಂ, ಸೆನ್ಸರಿ ಓವರ್‌ಲೋಡ್ ಮತ್ತು ಸಿನಿಮಾ

1988ರ ‘ರೇನ್ ಮ್ಯಾನ್’ ಚಿತ್ರದಲ್ಲಿ ಒಂದು ದೃಶ್ಯವಿದೆ. ಅಡುಗೆಮನೆಯಲ್ಲಿ ತಿಂಡಿ ಸೀದು ಹೊಗೆ ಏಳುತ್ತದೆ. ಹೊಗೆ ಅಲಾರಾಂ ಕೂಗತೊಡಗುತ್ತದೆ. ಡಸ್ಟಿನ್ ಹಾಫ್‌ಮನ್ ಅಭಿನಯಿಸಿದ ರೇಮಂಡ್ ಚೀರುತ್ತ ತಲೆ ಬಡಿದುಕೊಳ್ಳುತ್ತಾನೆ. ತಮ್ಮ ಚಾರ್ಲಿ ಓಡಿಬಂದು ಅಲಾರಾಂ ಬಾಯಿ ಮುಚ್ಚಿಸುತ್ತಾನೆ. ಸದ್ದು ನಿಂತಿತು, ಗಲಾಟೆಯೂ ನಿಂತಿತು. ಆ ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು. ಬಹಳ ವರ್ಷಗಳವರೆಗೆ ಆಟಿಸಂ (ಮಿದುಳು ಲೋಕವನ್ನು ಬೇರೆ ಬಗೆಯಲ್ಲಿ ಗ್ರಹಿಸುವ ಸ್ಥಿತಿ) ಅಂದರೆ ಜನರಿಗೆ ರೇಮಂಡನೇ ನೆನಪಾಗುತ್ತಿದ್ದ. ಚಿತ್ರಕಥೆ ಬರೆಯುವವರಿಗೆ ಆ ದೃಶ್ಯ ಒಂದು ಸಿದ್ಧಸೂತ್ರವನ್ನೂ ಬಿಟ್ಟುಹೋಯಿತು: ಒಂದು ದೊಡ್ಡ ಸದ್ದು, ಕಿವಿ ಮುಚ್ಚುವ ಎರಡು ಕೈ, ಒಂದು ಚೀರಾಟ, ಅಲ್ಲಿಗೆ ಸೀನ್ ಕಟ್.

ಸೂತ್ರ ಪೂರ್ತಿ ಸುಳ್ಳೇನಲ್ಲ. ಅಂಥ ಅಲಾರಾಂ ಆಟಿಸಂ ಇರುವ ಅನೇಕರಿಗೆ ಅಕ್ಷರಶಃ ನೋವು ಕೊಡುತ್ತದೆ. ಎಡವಟ್ಟಾಗಿರುವುದು ದೃಶ್ಯಕ್ಕೆ ಕತ್ತರಿ ಬಿದ್ದ ಜಾಗದಲ್ಲಿ. ಅಲಾರಾಂ ಕೂಗುವ ಹೊತ್ತಿಗೆ ರೇಮಂಡ್ ತಾನು ವರ್ಷಗಟ್ಟಲೆ ಇದ್ದ ಸಂಸ್ಥೆ ಬಿಟ್ಟು, ತನ್ನ ಹಾಸಿಗೆ, ತನ್ನ ಊಟದ ಹೊತ್ತು ಎಲ್ಲ ಕಳೆದುಕೊಂಡು, ಒಹಾಯೊದಿಂದ ಲಾಸ್ ಏಂಜಲೀಸ್‌ವರೆಗೆ ಕಾರಿನಲ್ಲಿ ಕೂತು ಬಂದಿದ್ದಾನೆ. ಅವನು ಕುಸಿದದ್ದಕ್ಕೆ ಅಲಾರಾಂ ಒಂದೇ ಕಾರಣ ಎಂದು ನೋಡುಗರು ಎದ್ದುಹೋದರು. ಸೆನ್ಸರಿ ಓವರ್‌ಲೋಡ್ ಅಂದರೆ ಸದ್ದು, ಬೆಳಕು, ಸ್ಪರ್ಶ, ವಾಸನೆಗಳು ಮಿದುಳು ನಿಭಾಯಿಸಲಾರದಷ್ಟು ಹೊರೆಯಾಗುವುದು; ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೂಡುತ್ತ ಬರುವ ಲೆಕ್ಕ. ಸಿನಿಮಾ ನಮಗೆ ಮೊತ್ತವನ್ನಷ್ಟೇ ಓದಿ ಹೇಳುತ್ತದೆ. ಆಮೇಲೆ ನಾವು ಮದುವೆ ಮನೆಯಲ್ಲೋ ಬಸ್‌ನಲ್ಲೋ ಅಂಥ ಮಗುವನ್ನು ಕಂಡಾಗ ‘ಇಷ್ಟಕ್ಕೇ ಇಷ್ಟೊಂದು ಗಲಾಟೆಯಾ?’ ಅಂದುಬಿಡುತ್ತೇವೆ.

ಫ್ಯಾನ್ ಸದ್ದನ್ನು ಮರೆಯಲಾಗದ ಮಿದುಳು

ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದಲೇ ಆಟಿಸಂನ ವೈದ್ಯಕೀಯ ಚರಿತ್ರೆ ಶುರುವಾಗುತ್ತದೆ. ಆ ಮಕ್ಕಳು ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ನಲ್ಲಿ ನೀರು, ಮೊಟ್ಟೆ ಕಡೆಯುವ ಯಂತ್ರ, ಕೊನೆಗೆ ಬೀಸುವ ಗಾಳಿಗೂ ಬೆದರುತ್ತಿದ್ದರು ಎಂದು ಅವರು ದಾಖಲಿಸಿದ್ದಾರೆ. ಅದರ ಜತೆಗೆ ಇನ್ನೊಂದು ಮಾತನ್ನೂ ಗುರುತಿಸಿದ್ದರು: ಯಾವ ಸದ್ದಿಗೆ ಮಗು ಹೆದರುತ್ತದೋ ಅಷ್ಟೇ ದೊಡ್ಡ ಸದ್ದನ್ನು ಅದು ತಾನೇ ಖುಷಿಯಿಂದ ಮಾಡಬಲ್ಲದು. ತೊಂದರೆ ಕೊಡುವುದು ಹೇಳದೆ ಕೇಳದೆ ಒಳನುಗ್ಗುವ ಸದ್ದು. ‘ತಾನೇ ಅಷ್ಟು ಕಿರುಚುತ್ತಾನೆ, ಮಿಕ್ಸಿ ಹಾಕಿದರೆ ಮಾತ್ರ ಆಗೋದಿಲ್ಲವಂತೆ’ ಎಂದು ಇವತ್ತಿಗೂ ಗೊಣಗುವ ನೆಂಟರಿಗೆ ಎಂಬತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಾಗಿತ್ತು.

ಆದರೂ ಸಂವೇದನೆಯ ಈ ವ್ಯತ್ಯಾಸವನ್ನು ರೋಗನಿರ್ಣಯದ ಅಧಿಕೃತ ಮಾನದಂಡಕ್ಕೆ ಸೇರಿಸಲು ಮತ್ತೆ 70 ವರ್ಷ ಹಿಡಿಯಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಅದು ಸೇರಿತು. ನಮ್ಮಲ್ಲಿ ಆಟಿಸಂ ಇರುವವರ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬಳಸುವ ‘ಇಸಾ’ ಮಾಪನದ ಆರು ವಿಭಾಗಗಳಲ್ಲಿಯೂ ಒಂದು ವಿಭಾಗ ಸಂವೇದನೆಗೇ ಮೀಸಲು. ಬ್ರಿಟನ್ನಿನಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆಟಿಸಂ ಇರುವ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಇಂಥ ವ್ಯತ್ಯಾಸ ಇರುವುದನ್ನು ಕಂಡಿತ್ತು.

ಇದರರ್ಥ ಅವರಿಗೆ ಎಲ್ಲವೂ ಜೋರಾಗಿ ಕೇಳಿಸುತ್ತದೆ ಎಂದಲ್ಲ. ಕಿವಿಯ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಫಲಿತಾಂಶ ಎಲ್ಲರಂತೆಯೇ ಬರುತ್ತದೆ. ವ್ಯತ್ಯಾಸ ಇರುವುದು ಕಿವಿಯ ಆಚೆ, ಮಿದುಳಿನಲ್ಲಿ ನಡೆಯುವ ವಿಂಗಡಣೆಯಲ್ಲಿ. ಫ್ಯಾನ್ ಹಾಕಿದ ಎರಡು ನಿಮಿಷಕ್ಕೆ ಅದರ ಸದ್ದು ನಮಗೆ ‘ಕೇಳಿಸುವುದೇ’ ಇಲ್ಲ. ಮಿದುಳು ಅದನ್ನು ಹಳತು ಎಂದು ಪಕ್ಕಕ್ಕಿಟ್ಟಿರುತ್ತದೆ. ಅಂಗಿಯ ಕಾಲರು, ಕೈಗಡಿಯಾರದ ಪಟ್ಟಿ, ಪಕ್ಕದವರ ಸೆಂಟಿನ ವಾಸನೆ ಎಲ್ಲವೂ ಹೀಗೆ ಹಿಂದೆ ಸರಿಯುತ್ತವೆ. ಆಟಿಸಂ ಇರುವ ಅನೇಕರಲ್ಲಿ ಈ ಒಗ್ಗಿಕೊಳ್ಳುವಿಕೆ ನಿಧಾನ, ಅಥವಾ ಆಗುವುದೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಸಂಶೋಧಕರು 2015ರಲ್ಲಿ ಮಿದುಳಿನ ಸ್ಕ್ಯಾನ್‌ಗಳಲ್ಲಿ ಇದನ್ನೇ ತೋರಿಸಿದರು: ಕಿರಿಕಿರಿಯ ಸದ್ದು ಮತ್ತು ಒರಟು ಬಟ್ಟೆಯ ಸ್ಪರ್ಶ ಮರುಕಳಿಸುತ್ತಿದ್ದಂತೆ ಇತರ ಮಕ್ಕಳಲ್ಲಿ ಅಮಿಗ್ಡಲಾದ ಪ್ರತಿಕ್ರಿಯೆ ಇಳಿಯುತ್ತ ಹೋದರೆ, ಸೆನ್ಸರಿ ತೊಂದರೆ ತೀವ್ರವಾಗಿದ್ದ ಆಟಿಸಂ ಮಕ್ಕಳಲ್ಲಿ ಅದು ಇಳಿಯಲಿಲ್ಲ. ಅಮಿಗ್ಡಲಾ ಅಪಾಯದ ಗಂಟೆ ಬಾರಿಸುವ ಭಾಗ. ಹತ್ತನೇ ಸಲವೂ ಮೊದಲ ಸಲದಷ್ಟೇ ಜೋರಾಗಿ ಗಂಟೆ ಬಾರಿಸುತ್ತಿದ್ದರೆ ಮೈ ಹೇಗೆ ಸುಮ್ಮನಿದ್ದೀತು?

ಸಂಶೋಧಕರಾದ ಎಲಿಜಬೆತ್ ಪೆಲಿಕಾನೊ ಮತ್ತು ಡೇವಿಡ್ ಬರ್ 2012ರಲ್ಲಿ ಮುಂದಿಟ್ಟ ಊಹೆ ಇನ್ನೂ ಒಂದು ಹೆಜ್ಜೆ ಆಚೆಗಿದೆ. ಮಿದುಳು ಲೋಕವನ್ನು ಹಸಿಯಾಗಿ ನೋಡುವುದಿಲ್ಲ. ಮುಂದೇನು ಬರುತ್ತದೆಂದು ಹಳೆಯ ಅನುಭವದಿಂದ ಅಂದಾಜು ಮಾಡಿಕೊಂಡು, ಅಂದಾಜಿಗೆ ಹೊಂದಿದ್ದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಆಟಿಸಂನಲ್ಲಿ ಈ ಹಳೆಯ ಅಂದಾಜಿನ ಹಿಡಿತ ಸಡಿಲ, ಆದ್ದರಿಂದ ಕಂಡದ್ದೆಲ್ಲ ಹೊಸದು, ಕೇಳಿದ್ದೆಲ್ಲ ಮುಖ್ಯ ಎಂಬುದು ಅವರ ವಾದ. ಇದು ಇನ್ನೂ ಚರ್ಚೆಯಲ್ಲಿರುವ ಊಹೆ. ಆದರೆ ದಿನಚರಿ ಬದಲಾದರೆ ಸದ್ದೂ ಯಾಕೆ ಹೆಚ್ಚು ಚುಚ್ಚುತ್ತದೆ ಎಂಬುದನ್ನು ಇದು ಚೆನ್ನಾಗಿ ಬಿಡಿಸಿ ಹೇಳುತ್ತದೆ.

ಗಟ್ಟಿಮೇಳದ ಮೇಲೆ ಬಂದ ಅಪವಾದ

ಲೆಕ್ಕ ಹೇಗೆ ಕೂಡುತ್ತದೆ ಎಂಬುದಕ್ಕೆ ನಮ್ಮದೇ ಒಂದು ಮದುವೆಯ ಬೆಳಗು ಸಾಕು. ಐದಕ್ಕೇ ಎಬ್ಬಿಸಿದ್ದರಿಂದ ನಿದ್ದೆ ಅರ್ಧ. ಎಂದಿನ ಬಕೆಟ್ಟಲ್ಲ, ಛತ್ರದ ಬಚ್ಚಲು. ಹೊಸ ಜುಬ್ಬಾದ ಗಂಜಿ, ಕತ್ತಿನ ಹಿಂದಿನ ಲೇಬಲ್ಲು, ಅಂಚಿನ ಜರಿ. ಪ್ಲಾಸ್ಟಿಕ್ ಕುರ್ಚಿ ಎಳೆಯುವ ಸದ್ದು. ಮಲ್ಲಿಗೆ, ಊದುಬತ್ತಿ, ಒಗ್ಗರಣೆಯ ಘಾಟು ಒಟ್ಟಿಗೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟುಗಳು. ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಅವು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಹೆಚ್ಚಿನವರ ಕಣ್ಣಿಗೆ ಇದು ತಿಳಿಯುವುದಿಲ್ಲ, ಕೆಲವರಿಗೆ ತಲೆನೋವೇ ಬರುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳೂ ಹೀಗೇ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿದರೆ ಮಿನುಗು ಎದ್ದು ಕಾಣುತ್ತದೆ. ಆಮೇಲೆ ವಿಡಿಯೋದವರ ಲೈಟು ನೇರ ಮುಖಕ್ಕೆ. ಬಂದವರೆಲ್ಲ ಗಲ್ಲ ಹಿಂಡಿ ‘ನಾನ್ಯಾರು ಹೇಳು ಪುಟ್ಟಾ’ ಅನ್ನುವುದು. ಹಸಿವಾಗಿದೆ, ಆದರೆ ತಿಂಡಿಯ ಉಪ್ಪಿಟ್ಟು ನಾಲಿಗೆಗೆ ಹಿಡಿಸದು. ಹನ್ನೊಂದೂವರೆಗೆ ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಅನ್ನುತ್ತಾರೆ. ಡೋಲು, ನಾದಸ್ವರ ಒಮ್ಮೆಲೇ ಏರುತ್ತವೆ. ಮಗು ನೆಲಕ್ಕೆ ಬಿದ್ದು ಚೀರುತ್ತದೆ. ‘ವಾಲಗಕ್ಕೆ ಹೆದರಿಬಿಟ್ಟ’ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಗಟ್ಟಿಮೇಳ ತುಂಬಿದ್ದ ಕೊಡದ ಕೊನೆಯ ಚೊಂಬು ನೀರು, ಅಷ್ಟೇ.

ಇಲ್ಲಿ ಲೆಕ್ಕಕ್ಕೆ ಬಂದ ಇಂದ್ರಿಯಗಳು ಐದಲ್ಲ, ಎಂಟು. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮದ ಜತೆಗೆ ದೇಹದ ಸಮತೋಲ ಹೇಳುವ ಒಳಕಿವಿ, ಕೈಕಾಲು ಎಲ್ಲಿವೆ ಎಂದು ಹೇಳುವ ಸ್ನಾಯು-ಕೀಲುಗಳ ಅರಿವು, ಮತ್ತು ಹಸಿವು, ಮೂತ್ರ, ಜ್ವರ, ಎದೆಬಡಿತಗಳನ್ನು ತಿಳಿಸುವ ಒಳಗಿನ ಅರಿವು. ಈ ಎಂಟನೆಯದು ಹೆಚ್ಚು ಮೋಸ ಮಾಡುತ್ತದೆ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಮ್ಮೊಳಗಿನ ಭಾವನೆ ಯಾವುದೆಂದು ಗುರುತಿಸಿ ಹೆಸರಿಸುವುದು ಕಷ್ಟ. ‘ಮೊದಲೇ ಹೇಳಬಾರದಿತ್ತಾ?’ ಎಂಬ ಪ್ರಶ್ನೆ ಹಾಗಾಗಿ ವ್ಯರ್ಥ. ಕೊಡ ತುಂಬುತ್ತಿರುವುದು ಎಷ್ಟೋ ಸಲ ಹೊತ್ತವರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ಒಬ್ಬರಿಗೇ ಒಂದು ಇಂದ್ರಿಯ ಅತಿ ಚುರುಕು, ಇನ್ನೊಂದು ಅತಿ ಮಂದ ಆಗಿರಬಹುದು. ಮಿಕ್ಸಿಗೆ ಓಡಿಹೋಗುವ ಹುಡುಗನೇ ಮಂಡಿ ತರಚಿ ರಕ್ತ ಬಂದರೂ ಗಮನಿಸದೆ ಆಡುತ್ತಿರಬಹುದು, ಗೋಡೆಗೆ ಬೆನ್ನು ಗುದ್ದಿಕೊಂಡು ಹಾಯೆನಿಸಿಕೊಳ್ಳಬಹುದು. ಸೋಮವಾರ ತಡೆದುಕೊಂಡ ಸದ್ದನ್ನೇ ನೆಗಡಿಯಾದ ಗುರುವಾರ ತಡೆದುಕೊಳ್ಳಲು ಆಗದಿರಬಹುದು. ‘ನಿನ್ನೆ ಸರಿ ಇದ್ದನಲ್ಲ’ ಎಂಬ ಶಾಲೆಯವರ ಅನುಮಾನ ಹುಟ್ಟುವುದು ಇಲ್ಲೇ.

ಕೊಡ ತುಂಬಿದಾಗ ಎರಡು ಬಗೆಯಲ್ಲಿ ಚೆಲ್ಲುತ್ತದೆ. ಹೊರಕ್ಕೆ ಚೆಲ್ಲಿದರೆ ಮೆಲ್ಟ್‌ಡೌನ್: ಅಳು, ಚೀರಾಟ, ತಲೆ ಬಡಿದುಕೊಳ್ಳುವುದು, ಓಡಿಹೋಗುವುದು. ಇದು ಹಟವಲ್ಲ. ಹಟ ಮಾಡುವ ಮಗು ಯಾರು ನೋಡುತ್ತಿದ್ದಾರೆಂದು ಓರೆಗಣ್ಣಿನಲ್ಲಿ ಗಮನಿಸುತ್ತದೆ, ಬೇಕಾದ್ದು ಸಿಕ್ಕೊಡನೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್ ಚಾಕೊಲೇಟ್ ಕೊಟ್ಟರೂ ನಿಲ್ಲುವುದಿಲ್ಲ. ಒಳಕ್ಕೆ ಕುಸಿದರೆ ಶಟ್‌ಡೌನ್: ಮಾತು ನಿಂತುಹೋಗುತ್ತದೆ, ಕಣ್ಣು ಎಲ್ಲೋ ನೆಟ್ಟಿರುತ್ತದೆ, ಕರೆದರೆ ಓಗೊಡುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು, ಕಚೇರಿಗಳಲ್ಲಿ ದುಡಿಯುವ ವಯಸ್ಕರು ಇದನ್ನು ಶೌಚಾಲಯದೊಳಗೆ ಚಿಲಕ ಹಾಕಿಕೊಂಡು ಕಳೆಯುತ್ತಾರೆ. ಅದಕ್ಕೆ ಸದ್ದಿಲ್ಲ, ಸಿನಿಮಾಗೆ ಬೇಕಾದ ನಾಟಕವೂ ಇಲ್ಲ. ಪರದೆಯ ಮೇಲೆ ಶಟ್‌ಡೌನ್ ಅಪರೂಪವಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಸೌಂಡ್ ಮಿಕ್ಸಿಂಗ್ ಎಲ್ಲಿ ಹಳಿ ತಪ್ಪುತ್ತದೆ

ಸಿನಿಮಾದ ಧ್ವನಿ ಹೇಗೆ ತಯಾರಾಗುತ್ತದೆ ನೋಡಿ. ಮಾತು ನಡುವಿನ ಸ್ಪೀಕರಿನಲ್ಲಿ, ಎಲ್ಲಕ್ಕಿಂತ ಮೇಲೆ. ಹೋಟೆಲಿನ ಗದ್ದಲ ಅದರ ಕೆಳಗೆ. ಫ್ಯಾನ್ ಸದ್ದನ್ನು ಸೌಂಡ್ ಎಂಜಿನಿಯರ್ ತೆಗೆದೇ ಹಾಕಿರುತ್ತಾರೆ. ಅಂದರೆ ಸಾಮಾನ್ಯ ಮಿದುಳು ಮಾಡುವ ವಿಂಗಡಣೆಯನ್ನೇ ಮಿಕ್ಸಿಂಗ್ ಟೇಬಲ್ ಮಾಡುತ್ತದೆ. ಓವರ್‌ಲೋಡ್ ತೋರಿಸಬೇಕಾದರೆ ಈ ಮೇಲು-ಕೀಳನ್ನು ಅಳಿಸಿದರೆ ಸಾಕು: ನಾಯಕಿಯ ಮಾತು, ಪಕ್ಕದ ಟೇಬಲಿನ ಚಮಚ, ಫ್ರಿಜ್ಜಿನ ಗುಂಯ್, ಹೊರಗಿನ ಆಟೊ ಎಲ್ಲವೂ ಒಂದೇ ಮಟ್ಟದಲ್ಲಿ, ಒಂದೇ ದೂರದಲ್ಲಿ. ವಾಲ್ಯೂಮ್ ಒಂದು ಗೆರೆಯೂ ಏರಬೇಕಿಲ್ಲ. ನೋಡುಗ ತಾನಾಗಿಯೇ ಮಾತು ಹಿಡಿಯಲು ಒದ್ದಾಡತೊಡಗುತ್ತಾನೆ, ಮೂರು ನಿಮಿಷಕ್ಕೆ ದಣಿಯುತ್ತಾನೆ.

ಹೆಚ್ಚಿನ ನಿರ್ದೇಶಕರು ಮಾಡುವುದು ಬೇರೆ. ಕುಂಯ್‌ ಎಂಬ ಒಂದೇ ಎಳೆಯ ಸದ್ದು, ಢವಢವ ಎದೆಬಡಿತ, ಮಸುಕು ಚಿತ್ರ, ಪಟಪಟ ಕಟ್. ಆ ಕುಂಯ್‌ ಸದ್ದು ಯುದ್ಧದ ಚಿತ್ರಗಳಿಂದ ಎರವಲು ತಂದದ್ದು; ಬಾಂಬ್ ಸಿಡಿದ ಮೇಲೆ ಸೈನಿಕನಿಗೆ ಬೇರೇನೂ ಕೇಳಿಸದು ಎಂದು ಹೇಳಲು ಅದನ್ನು ಬಳಸುತ್ತಿದ್ದರು. ಅಲ್ಲಿ ಲೋಕ ದೂರ ಸರಿಯುತ್ತದೆ. ಓವರ್‌ಲೋಡ್‌ನ ಗೋಳೇ ಲೋಕ ದೂರ ಸರಿಯದಿರುವುದು. ಇಷ್ಟು ಮೂಲದಲ್ಲೇ ತಿರುವುಮುರುವಾದ ತಂತ್ರ ಇಷ್ಟು ವರ್ಷ ಯಾರನ್ನೂ ಕಾಡದಿರುವುದು ಆಶ್ಚರ್ಯ.

ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2016ರಲ್ಲಿ ಮಾಡಿದ ಕಿರುಚಿತ್ರ ಇದನ್ನು ಸುಮಾರು ಒಂದೂವರೆ ನಿಮಿಷದಲ್ಲಿ ಸಾಧಿಸಿತ್ತು. ತಾಯಿಯ ಜತೆ ಶಾಪಿಂಗ್ ಮಾಲಿನಲ್ಲಿ ನಡೆಯುವ ಹುಡುಗನ ಕಣ್ಣು-ಕಿವಿಯಿಂದ ಶುರು. ಚಿಕ್ಕಪುಟ್ಟ ಸದ್ದುಗಳು, ಹೊಳಪುಗಳು ಒಂದರ ಮೇಲೊಂದು ಬೀಳುತ್ತವೆ, ಯಾವುದೂ ತೊಲಗುವುದಿಲ್ಲ. ಹುಡುಗ ಕುಸಿದ ಮೇಲಷ್ಟೇ ಕ್ಯಾಮೆರಾ ಹೊರಗೆ ನಿಂತು, ದಾರಿಹೋಕರಿಗೆ ಕಾಣುವ ‘ತುಂಟ ಹುಡುಗ’ನನ್ನು ತೋರಿಸುತ್ತದೆ. ಒಳಗಿನ ನೋಟ ಮೊದಲು, ಹೊರಗಿನದು ಆಮೇಲೆ. ಈ ಕ್ರಮ ಅದಲುಬದಲಾದರೆ ಇಡೀ ಚಿತ್ರ ಕನಿಕರದ ಜಾಹೀರಾತಾಗುತ್ತಿತ್ತು. ಪಾತ್ರ ಮಾಡಿದ ಹುಡುಗನಿಗೂ ಆಟಿಸಂ ಇತ್ತು.

ಇಷ್ಟಾದರೂ ಸಿನಿಮಾ ಕಣ್ಣು-ಕಿವಿಯ ಕಲೆ. ಕತ್ತಿನ ಲೇಬಲ್ಲು, ಒಗ್ಗರಣೆಯ ಘಾಟು, ಕಾಲುಚೀಲದ ಹೊಲಿಗೆ ಬೆರಳಿಗೆ ಒತ್ತುವುದು ಅದಕ್ಕೆ ಸಿಕ್ಕುವುದಿಲ್ಲ. ಅದಕ್ಕೇ ಪರದೆಯ ಆಟಿಸಂ ಹೆಚ್ಚಾಗಿ ಸದ್ದಿನ ಆಟಿಸಂ. ನಿಜವಾದ ಮನೆಗಳಲ್ಲಿ ಬೆಳಗಿನ ಜಗಳ ಹೆಚ್ಚಾಗಿ ಯೂನಿಫಾರಂ, ಹಲ್ಲುಜ್ಜುವ ಪೇಸ್ಟು, ತಲೆ ಬಾಚುವುದರ ಸುತ್ತ. ಕಾಲುಚೀಲವನ್ನು ಒಳಮೇಲು ಮಾಡಿ ಹಾಕಿದರೆ ಅರ್ಧ ಜಗಳ ತೀರುತ್ತದೆ. ಇದನ್ನು ಯಾವ ಸಿನಿಮಾವೂ ಹೇಳಿಕೊಟ್ಟಿಲ್ಲ.

ಹಾನಿ ಮಾಡುವ ದೃಶ್ಯಗಳು

ಒರಟುತನ ಒಂದು ಮಾತು, ತಪ್ಪು ಕಲಿಸುವುದು ಇನ್ನೊಂದು. 2021ರಲ್ಲಿ ಗಾಯಕಿ ಸಿಯಾ ನಿರ್ದೇಶಿಸಿದ ‘ಮ್ಯೂಸಿಕ್’ ಚಿತ್ರದಲ್ಲಿ ಮೆಲ್ಟ್‌ಡೌನ್ ಆದ ಹುಡುಗಿಯನ್ನು ನೆಲಕ್ಕೆ ಒತ್ತಿ ಮೇಲೆ ಮಲಗಿ ಹಿಡಿಯುವುದನ್ನು ಪ್ರೀತಿಯ ಉಪಾಯವೆಂಬಂತೆ ತೋರಿಸಲಾಯಿತು. ಆಟಿಸಂ ಸಮುದಾಯ ಕೆಂಡವಾಯಿತು. ಹಾಗೆ ಒತ್ತಿ ಹಿಡಿದಾಗ ಎದೆಗೂಡು ಹಿಗ್ಗಲಾಗದೆ ಉಸಿರು ಕಟ್ಟುತ್ತದೆ, ಪ್ರಾಣವೇ ಹೋಗಬಹುದು. ಸ್ಪರ್ಶವೇ ಹೊರೆಯಾಗಿರುವ ಹೊತ್ತಿನಲ್ಲಿ ಇನ್ನೊಬ್ಬರ ಇಡೀ ಭಾರ ಮೈಮೇಲೆ ಬೀಳುವುದು ಬೇರೆ. ಸಿಯಾ ಕ್ಷಮೆ ಕೇಳಿ, ಆ ದೃಶ್ಯಗಳನ್ನು ತೆಗೆಯುವುದಾಗಿ ಹೇಳಿದರು. ಅದೇ ಚಿತ್ರದ ಹಾಡುಗಳ ಕಣ್ಣು ಕುಕ್ಕುವ ಬೆಳಕು, ಬಣ್ಣ, ವೇಗದ ಕಟ್‌ಗಳಿಂದಾಗಿ ಯಾರ ಬಗ್ಗೆ ಚಿತ್ರ ಮಾಡಿದ್ದರೋ ಅವರೇ ಅದನ್ನು ಕೂತು ನೋಡಲಾಗದಂತಾಯಿತು.

ಬೆನ್ ಆಫ್ಲೆಕ್ ನಟಿಸಿದ 2016ರ ‘ದಿ ಅಕೌಂಟೆಂಟ್’ ಇನ್ನೊಂದು ಬಗೆ. ಅದರ ನಾಯಕ ರಾತ್ರಿ ಮಿನುಗುವ ದೀಪ, ಕಿವಿಗಡಚಿಕ್ಕುವ ಸಂಗೀತದ ನಡುವೆ ಕೂತು, ಕೋಲನ್ನು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಉರುಳಿಸುತ್ತ ತನ್ನನ್ನು ತಾನೇ ‘ಗಟ್ಟಿ’ ಮಾಡಿಕೊಳ್ಳುತ್ತಾನೆ. ಬಾಲ್ಯದಲ್ಲಿ ಅಪ್ಪನೂ ಅದನ್ನೇ ಹೇಳಿಕೊಟ್ಟಿರುತ್ತಾನೆ. ‘ಪಟಾಕಿ ಮುಂದೆ ನಿಲ್ಲಿಸಿ, ತಾನೇ ಅಭ್ಯಾಸ ಆಗುತ್ತೆ’ ಎನ್ನುವ ನಮ್ಮ ಊರಿನ ಬುದ್ಧಿವಾದಕ್ಕೆ ಹಾಲಿವುಡ್ ಕೊಟ್ಟ ಮುದ್ರೆ ಇದು. ಒಗ್ಗಿಕೊಳ್ಳುವ ಯಂತ್ರವೇ ನಿಧಾನವಾಗಿರುವಾಗ ಬಲವಂತದ ಸದ್ದು ಭಯವನ್ನು ಬೆಳೆಸುತ್ತದೆ. ಥೆರಪಿಸ್ಟ್‌ಗಳು ಕ್ರಮೇಣ ಅಭ್ಯಾಸ ಮಾಡಿಸುವುದುಂಟು, ಆದರೆ ಅಲ್ಲಿ ವಾಲ್ಯೂಮ್ ಗುಂಡಿ ಮಗುವಿನ ಕೈಯಲ್ಲಿರುತ್ತದೆ. ತಾನೇ ಮಾಡಿದ ಸದ್ದಿಗೆ ಮಗು ಹೆದರದು ಎಂದು ಕ್ಯಾನರ್ ಗಮನಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

‘ದಿ ಗುಡ್ ಡಾಕ್ಟರ್’ ಧಾರಾವಾಹಿಯಲ್ಲಿ ಆಟಿಸಂ ಇರುವ ವೈದ್ಯನಾಗಿ ಫ್ರೆಡಿ ಹೈಮೋರ್ ‘ಐ ಆ್ಯಮ್ ಎ ಸರ್ಜನ್’ ಎಂದು ಕೂಗಾಡುವ ತುಣುಕು 2023ರಲ್ಲಿ ಮೀಮ್ ಆಗಿ ಜಗತ್ತೆಲ್ಲ ನಕ್ಕಿತು. ಹೊರಗಿನಿಂದಷ್ಟೇ ಚಿತ್ರಿಸಿದ ಕುಸಿತ ಕೊನೆಗೆ ತಲುಪುವ ಜಾಗ ಅದೇ.

ನಮ್ಮ ದೇಶದ ಚಿತ್ರಗಳಲ್ಲಿ ಆಟಿಸಂ ಹೆಚ್ಚಾಗಿ ಪಾಲಕರ ಅಥವಾ ಪ್ರೇಮಿಯ ಕಣ್ಣಿನಿಂದ ಕಾಣುತ್ತದೆ. 2010ರ ‘ಮೈ ನೇಮ್ ಈಸ್ ಖಾನ್’ನಲ್ಲಿ ಶಾರುಖ್ ಪಾತ್ರಕ್ಕೆ ಹಳದಿ ಬಣ್ಣ ಕಂಡರಾಗದು, ಅದು ಗುರುತಿನ ಚೀಟಿಯಂತೆ ಉಳಿಯಿತೇ ಹೊರತು ಹಳದಿ ಅವನ ದಿನವನ್ನು ಏನು ಮಾಡುತ್ತದೆಂದು ತಿಳಿಯಲಿಲ್ಲ. 2013ರ ತಮಿಳಿನ ‘ಹರಿದಾಸ್’ನಲ್ಲಿ ನಮ್ಮ ಕಿಶೋರ್ ಪೊಲೀಸ್ ಅಪ್ಪ. ಮಗನನ್ನು ಅರ್ಥ ಮಾಡಿಕೊಳ್ಳಲು ಕಲಿಯುವ ಅಪ್ಪನಾಗಿ ಅವರದು ತೂಕದ ಅಭಿನಯ. ಆದರೆ ಆ ಮಗನಿಗೆ ಲೋಕ ಹೇಗೆ ಕೇಳಿಸುತ್ತದೆ ಎಂಬ ಕಡೆಗೆ ಚಿತ್ರ ಹೊರಳುವುದಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ‘ಆಂಖ್ ಮಿಚೋಲಿ’ ಚಿತ್ರದ ಪ್ರಕರಣದಲ್ಲಿ, ಅಂಗವೈಕಲ್ಯವನ್ನು ಗೇಲಿ ಮಾಡದೆ, ಅನುಭವಿಸುವವರನ್ನೇ ಕೇಳಿ ನಿಖರವಾಗಿ ಚಿತ್ರಿಸಿ ಎಂದು ಮಾರ್ಗಸೂಚಿ ಕೊಟ್ಟಿದೆ. ಮರುವರ್ಷದ ‘ಸಿತಾರೆ ಜಮೀನ್ ಪರ್’ನಲ್ಲಿ ನ್ಯೂರೋಡೈವರ್ಜೆಂಟ್ (ಮಿದುಳಿನ ನಡೆ ಹೆಚ್ಚಿನವರಿಗಿಂತ ಬೇರೆಯಾಗಿರುವ) ನಟರೇ ಆ ಪಾತ್ರಗಳನ್ನು ಮಾಡಿದರು. ಪಾತ್ರವರ್ಗ ಬದಲಾಗತೊಡಗಿದೆ, ಸೌಂಡ್‌ಟ್ರ್ಯಾಕ್ ಇನ್ನೂ ಬದಲಾಗಿಲ್ಲ.

ಕಾಯುವುದನ್ನು ತೋರಿಸಿದ ಒಂಬತ್ತು ನಿಮಿಷ

ಪಿಕ್ಸಾರ್‌ನ 2020ರ ‘ಲೂಪ್’ ಒಂಬತ್ತು ನಿಮಿಷದ ಚಿತ್ರ. ಮಾತನಾಡದ ಹುಡುಗಿ ರೆನೆ, ಜತೆಗಾರ ಮಾರ್ಕಸ್, ಒಂದು ದೋಣಿ. ರೆನೆಯ ಉದ್ಗಾರಗಳಿಗೆ ದನಿ ಕೊಟ್ಟವಳೂ ಆಟಿಸಂ ಇರುವ, ಮಾತನಾಡದ ಹುಡುಗಿ. ಇಲ್ಲಿ ನೀರಂಚಿನ ಜೊಂಡಿಗೆ ಕೈತಾಗಿಸಿದಾಗಿನ ಸುಖವೂ ಇದೆ. ಇದು ಬಹಳ ಮುಖ್ಯ. ನೋವು ಕೊಡುವ ಅದೇ ಚುರುಕು ಇಂದ್ರಿಯ ಅಪಾರ ಆನಂದವನ್ನೂ ಕೊಡುತ್ತದೆ. ಹರಿಯುವ ನೀರು, ತಿರುಗುವ ಚಕ್ರ, ಒಂದೇ ಹಾಡು ನೂರು ಸಲ. ಓವರ್‌ಲೋಡ್ ಆದಮೇಲೆ ಮಾರ್ಕಸ್ ಏನು ಮಾಡುತ್ತಾನೆ? ಅಪ್ಪಿಕೊಳ್ಳುವುದಿಲ್ಲ, ಸಮಾಧಾನದ ಭಾಷಣ ಬಿಗಿಯುವುದಿಲ್ಲ. ಸ್ವಲ್ಪ ದೂರ ಕೂತು ಕಾಯುತ್ತಾನೆ.

ನಿಜದಲ್ಲೂ ಮಾಡಬೇಕಾದ್ದು ಹೆಚ್ಚು ಕಡಿಮೆ ಇದೇ. ಮೊದಲು ಕೊಡಕ್ಕೆ ಬೀಳುತ್ತಿರುವ ನೀರು ನಿಲ್ಲಿಸಿ: ಟಿವಿ, ಲೈಟು, ಸುತ್ತ ನೆರೆದ ಜನ. ಮಾತಾಡುವುದಾದರೆ ಒಬ್ಬರೇ, ಎರಡು ಮೂರು ಪದ, ಮೆಲುದನಿ. ‘ಏನಾಯ್ತು, ಏನಾಯ್ತು’ ಎಂಬ ಪ್ರಶ್ನೆಯೂ ಒಂದು ಹೊರೆ. ಕೇಳದೆ ಮುಟ್ಟಬಾರದು, ಗಟ್ಟಿಯಾಗಿ ಒತ್ತಿದರೆ ಹಾಯೆನ್ನುವವರಿದ್ದಾರೆ, ಬೆರಳು ತಾಗಿದರೆ ಉರಿ ಎನ್ನುವವರೂ ಇದ್ದಾರೆ, ಅದು ಮೊದಲೇ ಗೊತ್ತಿರಬೇಕು. ತಲೆ ಬಡಿದುಕೊಳ್ಳುತ್ತಿದ್ದರೆ ತಲೆ ಮತ್ತು ಗೋಡೆಯ ನಡುವೆ ದಿಂಬು. ಕೈ ಆಡಿಸುವುದು, ತೂಗಾಡುವುದು ಅವರ ಬ್ರೇಕು, ಅದನ್ನು ತಡೆಯಬೇಡಿ. ಇಳಿಯಲು ಇಪ್ಪತ್ತು ನಿಮಿಷ ಹಿಡಿಯಬಹುದು, ಅರ್ಧ ದಿನವೂ ಹಿಡಿಯಬಹುದು. ಆಮೇಲಿನ ಸುಸ್ತು, ನಾಚಿಕೆ ಎರಡೂ ನಿಜ. ಆಗ ಬೈಗುಳ, ಪಾಠ ಎರಡೂ ಬೇಡ.

ಲೆಕ್ಕ ಹಿಡಿಯಲು ಎರಡು ವಾರದ ನೋಟ್‌ಬುಕ್ ಸಾಕು. ಕುಸಿದ ಹೊತ್ತು, ಜಾಗ, ಅದಕ್ಕೆ ಮೊದಲಿನ ಮೂರು ಗಂಟೆಯಲ್ಲಿ ಆದದ್ದು, ಹಿಂದಿನ ರಾತ್ರಿಯ ನಿದ್ದೆ, ಕೊನೆಯ ಊಟ. ಹೆಚ್ಚಿನವರು ಕುಸಿದ ಕ್ಷಣವನ್ನಷ್ಟೇ ಬರೆದು, ಸಿನಿಮಾ ಮಾಡಿದ ತಪ್ಪನ್ನೇ ಮಾಡುತ್ತಾರೆ.

ಹೆಡ್‌ಫೋನ್ ಬಗ್ಗೆಯೂ ಪರದೆ ಅರ್ಧ ಹೇಳಿದೆ. 2022ರ ಕೊರಿಯನ್ ಧಾರಾವಾಹಿ ‘ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ’ನ ನಾಯಕಿ ಮೆಟ್ರೊ ಹತ್ತುವಾಗ ಅದನ್ನು ಕನ್ನಡಕದಷ್ಟೇ ಸಹಜವಾಗಿ ಹಾಕಿಕೊಳ್ಳುತ್ತಾಳೆ, ಬಹಳ ಒಳ್ಳೆಯದು. ಆದರೆ ಅಂಗಡಿಯಲ್ಲಿ ಕೊಳ್ಳುವಾಗ ತಿಳಿದಿರಬೇಕಾದ್ದು ಬೇರೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಸ್ ಎಂಜಿನ್, ಎಸಿಯಂಥ ಒಂದೇ ಸಮನೆಯ ತಗ್ಗುದನಿಯನ್ನು ಚೆನ್ನಾಗಿ ಅಳಿಸುತ್ತದೆ. ಕುಕ್ಕರ್ ವಿಷಲ್, ಮಗುವಿನ ಅಳು, ಹಾರನ್‌ನಂಥ ತಟ್ಟನೆ ಬರುವ ತೀಕ್ಷ್ಣ ಸದ್ದಿಗೆ ಅದರ ಕೈಲಿ ಹೆಚ್ಚೇನೂ ಆಗದು. ಅದಕ್ಕೆ ಕಾರ್ಖಾನೆಗಳಲ್ಲಿ ಬಳಸುವಂಥ ಇಯರ್‌ಮಫ್ ಮೇಲು, ಬೆಲೆಯೂ ಕಡಿಮೆ. ಡಬ್ಬಿಯ ಮೇಲೆ 25 ಡೆಸಿಬೆಲ್ ಎಂದಿದ್ದರೂ ಬಳಕೆಯಲ್ಲಿ ಅಷ್ಟು ಸಿಗುವುದಿಲ್ಲ. ಕನ್ನಡಕದ ಕಡ್ಡಿ, ಜಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಇಡೀ ದಿನ, ಮೌನವಿರುವ ಕೋಣೆಯಲ್ಲೂ ಹಾಕಿಕೊಂಡೇ ಇದ್ದರೆ ಮಿದುಳು ತನ್ನ ಒಳಗಿನ ವಾಲ್ಯೂಮ್ ಏರಿಸಿಕೊಂಡು ಸೂಕ್ಷ್ಮತೆ ಹೆಚ್ಚುವ ಅಪಾಯವಿದೆ. ಸದ್ದಿಗೆ ಮೊದಲು ಹಾಕಿ, ಸದ್ದು ಹೋದಮೇಲೆ ತೆಗೆಯುವುದು ಸರಿ. ಇನ್ನು ಭಾರದ ಹೊದಿಕೆ: 2014ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಅದರಿಂದ ಆಟಿಸಂ ಮಕ್ಕಳ ನಿದ್ದೆಯೇನೂ ಹೆಚ್ಚಲಿಲ್ಲ, ಆದರೆ ಮಕ್ಕಳಿಗೂ ಪಾಲಕರಿಗೂ ಅದು ಇಷ್ಟವಾಯಿತು. ಸಾಲ ಮಾಡಿ ಕೊಳ್ಳುವಂಥದ್ದಲ್ಲ.

ಮಿಕ್ಸಿ ಸುಮಾರು 85 ಡೆಸಿಬೆಲ್ ಸದ್ದು ಮಾಡುತ್ತದೆ. ವಸತಿ ಪ್ರದೇಶಕ್ಕೆ ನಮ್ಮ ಕಾನೂನು ಇಟ್ಟಿರುವ ಹಗಲಿನ ಮಿತಿ 55. ಮೂವತ್ತು ಡೆಸಿಬೆಲ್ ಅಂತರ ಅಂದರೆ ಧ್ವನಿಶಕ್ತಿ ಸಾವಿರ ಪಟ್ಟು. ನಾಲ್ಕು ಮಡಿಕೆಯ ಟವೆಲ್ ಮೇಲೆ ಇಟ್ಟರೆ ಕಟ್ಟೆಯ ಅದುರು ತಗ್ಗುತ್ತದೆ. ಅದಕ್ಕಿಂತ ಹೆಚ್ಚು ಫಲ ಕೊಡುವುದು ಮುನ್ಸೂಚನೆ: ‘ಮಿಕ್ಸಿ ಹಾಕ್ತೀನಿ, ಹತ್ತು ಎಣಿಸು’ ಎಂದು ಹೇಳಿ, ಹತ್ತಕ್ಕೆ ನಿಲ್ಲಿಸುವುದು. ಹನ್ನೆರಡಕ್ಕೆ ಹೋದರೆ ನಂಬಿಕೆ ಹೋಯಿತು.

ಥಿಯೇಟರಿನೊಳಗೆ

ಕೊನೆಗೆ, ಈ ಚಿತ್ರಗಳನ್ನು ತೋರಿಸುವ ಕೋಣೆಯ ಮಾತು. ಸಿನಿಮಾ ಮಂದಿರದಲ್ಲಿ ಪರದೆಯ ಹಿಂದಿನ ಪ್ರತಿ ಚಾನೆಲ್‌ನ ಧ್ವನಿಯನ್ನು 85 ಡೆಸಿಬೆಲ್‌ಗೆ ಹೊಂದಿಸಿರುತ್ತಾರೆ. ಶಿಖರ ಮುಟ್ಟಿದಾಗ ಒಂದೊಂದು ಚಾನೆಲ್ 105ಕ್ಕೆ, ಬಾಸ್ 115ಕ್ಕೆ ಏರಬಹುದು. ಪ್ರೊಜೆಕ್ಷನ್ ಕೋಣೆಯ ಡಾಲ್ಬಿ ಯಂತ್ರದಲ್ಲಿ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) 7 ಅಂದರೆ ಈ ಮಟ್ಟ. ಅದನ್ನು 5ಕ್ಕೆ ಇಳಿಸಿದರೆ ಸುಮಾರು 6.7 ಡೆಸಿಬೆಲ್ ಕಡಿಮೆಯಾಗುತ್ತದೆ. ಅಮೆರಿಕದ ಎಎಂಸಿ ಚಿತ್ರಮಂದಿರಗಳು 2007ರಿಂದ, ಬ್ರಿಟನ್ನಿನ ದೊಡ್ಡ ಸರಣಿಗಳು 2011ರಿಂದ ಆಟಿಸಂ ಇರುವವರಿಗೆ ಹೊಂದುವಂಥ ಪ್ರದರ್ಶನಗಳನ್ನು ನಡೆಸುತ್ತಿವೆ: ಸದ್ದು ತಗ್ಗು, ದೀಪ ಮಂದವಾಗಿ ಉರಿಯುತ್ತಿರುತ್ತದೆ, ಎದ್ದು ಓಡಾಡಿದರೆ ಯಾರೂ ಗದರುವುದಿಲ್ಲ. ಬ್ರಿಟನ್ನಿನಲ್ಲಿ ಜಾಹೀರಾತು, ಟ್ರೇಲರುಗಳನ್ನೂ ಕೈಬಿಡುತ್ತಾರೆ. ನಮ್ಮ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳಿಗೆ ಹೊರಡಿಸಿದ ಸೌಲಭ್ಯ ಮಾರ್ಗಸೂಚಿ ದೃಷ್ಟಿ ಮತ್ತು ಶ್ರವಣ ದೋಷ ಇರುವವರಿಗೆ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಆದರೆ ಈ ಮಾರ್ಗಸೂಚಿಯಲ್ಲಿ ಫೇಡರಿನ ಮಾತಿಲ್ಲ.

ಅದು ಬರುವವರೆಗೆ ಕುಟುಂಬಗಳು ತಮ್ಮ ದಾರಿ ತಾವೇ ಮಾಡಿಕೊಳ್ಳಬೇಕು. ಬಿಡುಗಡೆಯಾದ ಎರಡನೇ ಅಥವಾ ಮೂರನೇ ವಾರದ, ಕೆಲಸದ ದಿನದ ಬೆಳಗಿನ ಆಟ. ಕೊನೆಯ ಸಾಲಿನ ಓಣಿ ಬದಿಯ ಸೀಟು. ಹಿಂದೆ ಯಾರೂ ಇರುವುದಿಲ್ಲ, ಬಾಗಿಲು ಎಲ್ಲಿದೆಯೆಂದು ಮೊದಲೇ ತೋರಿಸಿರಬೇಕು. ಟಿಕೆಟ್ಟಿನ ಸಮಯಕ್ಕಿಂತ ಹತ್ತು ಹದಿನೈದು ನಿಮಿಷ ತಡವಾಗಿ ಒಳಹೋದರೆ ಜಾಹೀರಾತು ತಪ್ಪುತ್ತದೆ; ಅವುಗಳ ಸದ್ದು ಎಷ್ಟೋ ಸಲ ಚಿತ್ರಕ್ಕಿಂತ ಜೋರು. ಎಸಿ ತಣ್ಣಗೆ ಕೊರೆಯುವುದರಿಂದ ಮನೆಯ ಹಳೆಯ ಶಾಲು ಜತೆಗಿರಲಿ. ಇಂಟರ್ವೆಲ್‌ಗೆ ಐದು ನಿಮಿಷ ಮೊದಲೇ ಶೌಚಾಲಯಕ್ಕೆ ಕರೆದೊಯ್ಯಿರಿ. ಇಂಟರ್ವೆಲ್ ಬಿಟ್ಟ ಮೇಲೆ ಅಲ್ಲಿ ನಾಲ್ಕು ಹ್ಯಾಂಡ್ ಡ್ರೈಯರ್ ಒಟ್ಟಿಗೆ ಭೋರ್ಗರೆಯುತ್ತವೆ, ಟೈಲ್ಸ್ ಹಾಕಿದ ಗೋಡೆಗಳು ಆ ಸದ್ದನ್ನು ನುಂಗದೆ ವಾಪಸ್ ಎಸೆಯುತ್ತವೆ. ಕೈ ಒರೆಸಲು ಕರ್ಚೀಫು ನಿಮ್ಮ ಜೇಬಿನಲ್ಲೇ ಇರಲಿ.